ಸೆಲ್ಫ್ ಟೆಸ್ಟ್ ಪಾಸ್ ಆದ್ರೆ ಸಾಕಾ?

"ಬಾಕ್ಸೇ ತಾನು ಚೆನ್ನಾಗಿದ್ದೀನಿ ಅಂತ ಹೇಳುತ್ತಲ್ಲ, ಮತ್ಯಾಕೆ ಒಬ್ಬ ಮನುಷ್ಯ ಬಿಸಿಲಲ್ಲಿ ನಿಂತು ಅದನ್ನ ಟೆಸ್ಟ್ ಮಾಡಬೇಕು?" ಗಾಜಿನ ಕಟ್ಟಡದ ಎಸಿಯಲ್ಲಿ ಕೂತು ಈ ಪ್ರಶ್ನೆ ಕೇಳೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಕೇಳೋರು ದಡ್ಡರೇನಲ್ಲ. ಒಳ್ಳೊಳ್ಳೆ ಕಾಲೇಜಿನಲ್ಲಿ ಓದಿದವರು, ಕೋಡ್ ಬರೆಯೋದರಲ್ಲಿ ನನಗಿಂತ ಗಟ್ಟಿಗರು. ಆದರೆ ಸ್ಲೈಡಿನ ಮೇಲೆ "ಮ್ಯಾನ್ಯುಯಲ್ ಎಫರ್ಟ್ ಕಡಿತ" ಅಂತ ಬರೆದು ಪಕ್ಕದಲ್ಲೊಂದು ಹಸಿರು ಬಾಣ ಹಾಕ್ತಾರಲ್ಲ, ಆ ಎಫರ್ಟ್ ಅಂದರೆ ಏನು ಅಂತ ನೋಡೋಕೆ ಒಂದು ಸಲವೂ ಹ್ಯಾಂಗರಿಗೆ ಹೋದವರಲ್ಲ.

ನಾನು ಹೊಟ್ಟೆಪಾಡಿಗೆ ಮಾಡೋದು ವಿಮಾನ ರಿಪೇರಿಯವರ ಲ್ಯಾಪ್‌ಟಾಪಿನಲ್ಲಿ ಕೂರುವ ಸಾಫ್ಟ್‌ವೇರ್. ವಿಮಾನದೊಳಗಿನ ಪೆಟ್ಟಿಗೆಗಳು ಕೊಡುವ ಫಾಲ್ಟ್ ಕೋಡುಗಳನ್ನು ಓದಿ, ಅಂದವಾಗಿ ಜೋಡಿಸಿ, "ಇದನ್ನು ಬದಲಾಯಿಸಿ" ಅಂತ ಹೇಳುವ ಕೆಲಸ ಅದರದ್ದು. ಹಾಗಾಗಿ ನಾನಿಲ್ಲಿ ಬರೀತಿರೋದು ನನ್ನ ಅನ್ನದ ತಟ್ಟೆಯ ವಿರುದ್ಧವೇ ಅಂತ ನಿಮಗನ್ನಿಸಬಹುದು. ಅನ್ನಿಸಲಿ.

ಎಲ್ಲ ಪೆಟ್ಟಿಗೆಗಳ ಬಗ್ಗೆ ಮಾತಾಡೋದು ಬೇಡ, ಒಂದನ್ನೇ ತಗೊಳ್ಳೋಣ. ಟ್ರಾನ್ಸ್‌ಪಾಂಡರ್. ನಮ್ಮೂರ ಕಡೆ ತೋಟದೊಳಗೆ ಯಾರಾದರೂ ಇದ್ದಾರಾ ಅಂತ ತಿಳೀಬೇಕಾದರೆ ಬದುವಿನ ಮೇಲೆ ನಿಂತು ಕೂಗು ಹಾಕ್ತಾರೆ, ಒಳಗಿದ್ದವರು "ಓ" ಅಂತಾರೆ. ಓಗೊಟ್ಟರೆ ಇದ್ದಾರೆ, ಎಷ್ಟು ದೂರದಲ್ಲಿದ್ದಾರೆ ಅಂತ ದನಿಯಲ್ಲೇ ಗೊತ್ತಾಗುತ್ತೆ. ಟ್ರಾನ್ಸ್‌ಪಾಂಡರಿನ ಕೆಲಸ ಇಷ್ಟೇ. ನೆಲದ ಮೇಲಿನ ಸೆಕೆಂಡರಿ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತೆ, ವಿಮಾನದ ಪೆಟ್ಟಿಗೆ 1090 ಮೆಗಾಹರ್ಟ್ಸ್‌ನಲ್ಲಿ ಓಗೊಡುತ್ತೆ. ಓಗೊಡುವಾಗ ತನ್ನ ನಾಲ್ಕಂಕಿಯ ಕೋಡನ್ನೂ, ತಾನಿರುವ ಎತ್ತರವನ್ನೂ ಹೇಳುತ್ತೆ. ಈಗಿನ ಮೋಡ್ ಎಸ್ ಪೆಟ್ಟಿಗೆಗಳಾದರೆ 24 ಬಿಟ್ಟಿನ ತಮ್ಮದೇ ವಿಳಾಸವನ್ನೂ ಹೇಳುತ್ತವೆ. ಇಡೀ ಜಗತ್ತಿನಲ್ಲಿ ಆ ವಿಳಾಸ ಒಂದು ವಿಮಾನಕ್ಕೆ ಒಂದೇ.

ಓಗೊಡುವವರು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ದೇಶಕ್ಕೆ ಹೋಗಬೇಕಿಲ್ಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ದೆಹಲಿಯಿಂದ ಹೊರಟ ಸೌದಿಯ 747 ಮತ್ತು ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ಇಲ್ಯೂಶಿನ್ ಡಿಕ್ಕಿ ಹೊಡೆದವು. 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಒಂದು 14,000 ಅಡಿಯಲ್ಲಿ, ಇನ್ನೊಂದು 15,000 ಅಡಿಯಲ್ಲಿ ಇರಬೇಕಿತ್ತು. ಮೇಲಿರಬೇಕಿದ್ದ ಕಜಕ್ ವಿಮಾನ ಕೆಳಗೆ ಇಳಿದಿತ್ತು ಅಂತ ನ್ಯಾಯಮೂರ್ತಿ ಲಾಹೋಟಿ ಆಯೋಗ ಹೇಳಿತು. ಆವತ್ತು ದೆಹಲಿಯ ಕಂಟ್ರೋಲರ್ ಮುಂದಿದ್ದದ್ದು ಬರೀ ಪ್ರೈಮರಿ ರೇಡಾರ್. ವಿಮಾನ ಎಲ್ಲಿದೆ ಅಂತ ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಅಂತ ತೋರಿಸುತ್ತಿರಲಿಲ್ಲ. ಎರಡು ವಿಮಾನಗಳಲ್ಲೂ ಟಿಕಾಸ್ ಇರಲಿಲ್ಲ. ಟಿಕಾಸ್ ಅಂದರೆ ರೇಡಾರಿನ ಹಂಗಿಲ್ಲದೆ ಒಂದು ವಿಮಾನವೇ ಸುತ್ತಲಿನ ವಿಮಾನಗಳನ್ನು ಕೂಗಿ, ಅವುಗಳ ಟ್ರಾನ್ಸ್‌ಪಾಂಡರಿನ ಉತ್ತರ ಕೇಳಿ, ಡಿಕ್ಕಿಯಾಗೋ ಹಾಗಿದ್ದರೆ "ಮೇಲೇರು", "ಕೆಳಗಿಳಿ" ಅಂತ ಪೈಲಟ್‌ಗೆ ಹೇಳುವ ವ್ಯವಸ್ಥೆ. ಆ ಆದೇಶ ಬರೋದು ಡಿಕ್ಕಿಗೆ ಸುಮಾರು 15ರಿಂದ 35 ಸೆಕೆಂಡು ಮುಂಚೆ. ಅಷ್ಟರಲ್ಲಿ ನಾವು ಒಂದು ವಾಟ್ಸ್ಯಾಪ್ ಮೆಸೇಜೂ ಟೈಪ್ ಮಾಡಿರಲ್ಲ. ಈ ಅಪಘಾತ ಆದಮೇಲೆ ಭಾರತ ಟಿಕಾಸ್ ಕಡ್ಡಾಯ ಮಾಡಿತು.

ಕಡ್ಡಾಯ ಮಾಡಿದ್ದು ಪೆಟ್ಟಿಗೆಯನ್ನು. ಪೆಟ್ಟಿಗೆ ನಿಜವಾಗಿ ಓಗೊಡುತ್ತಿದೆಯಾ ಅನ್ನೋದನ್ನು ಯಾರಾದರೂ ಹೊರಗೆ ನಿಂತು ಕೇಳಿಸಿಕೊಳ್ಳಬೇಕು. ಇದೇ ನನ್ನ ಜಗಳ. ತನ್ನ ದನಿ ಆಚೆಯವರಿಗೆ ಹೇಗೆ ಕೇಳುತ್ತೆ ಅಂತ ಯಾವ ಪೆಟ್ಟಿಗೆಯೂ ತಾನೇ ಹೇಳಲಾರದು. ಕೃಷಿ ಮಾಡೋ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬದ ಮೇಲೆ ದೀಪ ಉರೀತಿರುತ್ತೆ, ಆಂಪಿಯರ್ ಮುಳ್ಳೂ ನಿಂತಿರುತ್ತೆ. ಹೊಲದಂಚಿಗೆ ಹೋಗಿ ನೋಡಿದರೆ ಪೈಪಿನ ಬಾಯಲ್ಲಿ ಒಂದು ಲೋಟ ನೀರಿಲ್ಲ, ಮಧ್ಯೆ ಎಲ್ಲೋ ಪೈಪ್ ಒಡೆದಿರುತ್ತೆ. "ದೀಪ ಉರೀತಿದೆ" ಅಂತ ಮನೆ ಜಗುಲಿ ಮೇಲೇ ಕೂತವನನ್ನು ನಮ್ಮಪ್ಪ ಏನಂತ ಬೈತಿದ್ರೋ ಅದನ್ನು ಇಲ್ಲಿ ಬರೆಯೋ ಹಾಗಿಲ್ಲ.

ಟ್ರಾನ್ಸ್‌ಪಾಂಡರಿನ ಸೆಲ್ಫ್ ಟೆಸ್ಟ್ ಬಹುಮಟ್ಟಿಗೆ ಪೆಟ್ಟಿಗೆಯ ಹೊಟ್ಟೆಯೊಳಗೇ ಸುತ್ತುತ್ತೆ. ಆಂಟೆನಾ ಪೂರ್ತಿ ಕಳಚಿಕೊಂಡಿದ್ದರೆ ಕೆಲವು ಪೆಟ್ಟಿಗೆಗಳು ಹಿಡೀತವೆ, ಒಪ್ಪಿದೆ. ಆದರೆ ಪೆಟ್ಟಿಗೆಯಿಂದ ಆಂಟೆನಾವರೆಗೆ ಹೋಗುವ ಕೋಯಾಕ್ಸ್ ಕೇಬಲ್ಲಿನ ಕನೆಕ್ಟರಿಗೆ ನೀರಿಳಿದಿದೆ ಅನ್ನಿ. ವಿಮಾನದ ಹೊಟ್ಟೆಯ ಕೆಳಗಿನ ಆಂಟೆನಾದ ಸುತ್ತ ಬಳಿದ ಸೀಲೆಂಟ್ ಬಿರುಕುಬಿಟ್ಟು, ಬುಡದಲ್ಲಿ ಹಸಿರು ತುಕ್ಕು ಕೂತಿದೆ ಅನ್ನಿ. ಸಂಪರ್ಕ ಕಡಿದಿಲ್ಲ, ಸೋರುತ್ತಿದೆ ಅಷ್ಟೆ. 3 ಡೆಸಿಬೆಲ್ ಸೋರಿದರೆ ಅರ್ಧ ಶಕ್ತಿ ಹೋಯಿತು. 6 ಡೆಸಿಬೆಲ್ ಸೋರಿದರೆ ಉಳಿಯೋದು ಕಾಲು ಭಾಗ, ದನಿ ಕೇಳುವ ದೂರ ಅರ್ಧಕ್ಕಿಳಿಯಿತು. ಕಾಕ್‌ಪಿಟ್ಟಿನಲ್ಲಿ ಬಟನ್ ಒತ್ತಿದರೆ ಆಗಲೂ "ಪಾಸ್" ಅಂತ ಬರಬಹುದು. ನನ್ನಂಥವನು ಬರೆದ ಸಾಫ್ಟ್‌ವೇರ್ ಆ ಪಾಸನ್ನು ಓದಿ ಚಂದದ ಹಸಿರು ಬಣ್ಣದಲ್ಲಿ ತೋರಿಸುತ್ತೆ.

ಅದನ್ನು ಹಿಡಿಯೋದು ಹೊರಗೆ ನಿಂತ ಮನುಷ್ಯ. ಕೈಯಲ್ಲಿ ಒಂದು ರ‍್ಯಾಂಪ್ ಟೆಸ್ಟ್ ಸೆಟ್, ಅಂದರೆ ರೇಡಾರಿನ ಹಾಗೆ ಕೂಗಿ ಉತ್ತರವನ್ನು ಅಳೆಯುವ ಯಂತ್ರ. ಆಂಟೆನಾ ಎಷ್ಟು ದೂರ, ಎಷ್ಟು ಎತ್ತರದಲ್ಲಿದೆ ಅಂತ ಅದಕ್ಕೆ ಹೇಳಬೇಕು, ತಪ್ಪು ಹೇಳಿದರೆ ಲೆಕ್ಕವೂ ತಪ್ಪು. ದೊಡ್ಡ ವಿಮಾನಕ್ಕೆ ಮೇಲೊಂದು ಕೆಳಗೊಂದು ಆಂಟೆನಾ ಇರುತ್ತೆ, ಒಂದನ್ನು ಅಳೆಯುವಾಗ ಇನ್ನೊಂದನ್ನು ಮುಚ್ಚಬೇಕು. ಉತ್ತರದ ಫ್ರೀಕ್ವೆನ್ಸಿ, ಅದರ ಶಕ್ತಿ, ಎಷ್ಟು ಸಣ್ಣ ಕೂಗಿಗೆ ಇದು ಓಗೊಡುತ್ತೆ, ರೇಡಾರಿನ ಪಕ್ಕದ ಕಿರಣಗಳಿಂದ ಬಂದ ಕೂಗಿಗೆ ಸುಮ್ಮನಿರುತ್ತಾ, ಎಲ್ಲವನ್ನೂ ನೋಡಬೇಕು. ಅಮೆರಿಕದ ನಿಯಮದಲ್ಲಿ ಈ ಪರೀಕ್ಷೆ 24 ತಿಂಗಳಿಗೊಮ್ಮೆ ಆಗಲೇಬೇಕು. ಬಳಸುವ ದರ್ಜೆಗೆ ತಕ್ಕಂತೆ ಮಿತಿಗಳೂ ಇವೆ: ಏರ್‌ಲೈನ್ ದರ್ಜೆಯ ಪೆಟ್ಟಿಗೆಯ ಉತ್ತರ 125 ವ್ಯಾಟಿಗಿಂತ ಕಡಿಮೆ ಇರೋ ಹಾಗಿಲ್ಲ. ಯಂತ್ರವೇ ಅಳೆಯೋದಾದರೂ ಓದುವವನಿಗೆ ತಲೆ ಬೇಕು. ಹ್ಯಾಂಗರಿನ ತಗಡಿನ ಗೋಡೆ, ನೆಲ, ಪಕ್ಕದ ಟ್ರಕ್ಕು ಎಲ್ಲವೂ ಸಿಗ್ನಲ್ಲನ್ನು ಪ್ರತಿಫಲಿಸುತ್ತವೆ. ಒಂದು ಹೆಜ್ಜೆ ಸರಿದರೆ ರೀಡಿಂಗ್ ಬದಲಾಗುತ್ತೆ. ಫೇಲ್ ಅಂತ ಬಂದದ್ದು ಪೆಟ್ಟಿಗೆಯದ್ದಾ, ತಗಡಿನದ್ದಾ ಅಂತ ಹೇಳೋಕೆ ಅನುಭವವೇ ಬೇಕು.

ಟಿಕಾಸ್ ಪರೀಕ್ಷೆಯನ್ನಂತೂ ನೋಡಿಯೇ ತಿಳೀಬೇಕು. ಒಬ್ಬರು ಕಾಕ್‌ಪಿಟ್ಟಿನಲ್ಲಿ, ಇನ್ನೊಬ್ಬರು ಟೆಸ್ಟ್ ಸೆಟ್ ಹಿಡಿದು ಮೂಗಿನ ಮುಂದೆ. ಟೆಸ್ಟ್ ಸೆಟ್ ಇಲ್ಲದ ವಿಮಾನವೊಂದನ್ನು ಸೃಷ್ಟಿಸಿ ಹತ್ತಿರ ತರುತ್ತೆ. "ಎಲ್ಲಿ ಕಾಣ್ತಿದೆ?" ಅಂತ ಕೆಳಗಿನಿಂದ ಕೇಳಿದರೆ, "ಹನ್ನೆರಡು ಗಂಟೆಗೆ ಸಾರ್" ಅಂತ ಮೇಲಿಂದ ಉತ್ತರ. ಆಮೇಲೆ ಕೆಳಗಿನವರು ಬಲಗಡೆಗೆ ನಡೀತಾರೆ, "ಈಗ?" "ಮೂರು ಗಂಟೆ." ಹೀಗೆ ವಿಮಾನದ ಸುತ್ತ ಪ್ರದಕ್ಷಿಣೆ. ಟಿಕಾಸಿನ ಆಂಟೆನಾಗೆ ನಾಲ್ಕು ಕೇಬಲ್, ನಾಲ್ಕಕ್ಕೂ ಬೇರೆ ಬೇರೆ ಬಣ್ಣದ ಗುರುತು. ಎರಡು ಅದಲುಬದಲಾದರೆ ಎಡಗಡೆಯ ವಿಮಾನ ಬೇರೆಲ್ಲೋ ಕಾಣಿಸಬಹುದು. ಒಮ್ಮೆ ಒಬ್ಬ ಹಿರಿಯ ಟೆಕ್ನಿಷಿಯನ್ ಹೀಗೆ ಸುತ್ತು ಹಾಕುತ್ತಿದ್ದಾಗ ನಾನು ಲ್ಯಾಪ್‌ಟಾಪ್ ಹಿಡಿದು ಹಿಂದೆ ನಡೀತಿದ್ದೆ. "ಏನಂತೆ ಸಾರ್ ನಿಮ್ ಸಾಫ್ಟ್‌ವೇರು?" ಅಂದರು. "ಫಾಲ್ಟ್ ಇಲ್ಲ ಅಂತಿದೆ ಅಣ್ಣ." "ಅದು ಕೂತ್ಕಂಡು ಹೇಳ್ತದೆ, ಬಿಡಿ" ಅಂತ ನಕ್ಕು ಮುಂದಿನ ಮೂಲೆಗೆ ಹೋದರು.

ಎತ್ತರದ ವಿಷಯ ಇದಕ್ಕಿಂತ ಸೂಕ್ಷ್ಮ. ಹಳೆಯ ಮತ್ತು ಚಿಕ್ಕ ವಿಮಾನಗಳಲ್ಲಿ ಎತ್ತರದ ಮಾಹಿತಿ ಟ್ರಾನ್ಸ್‌ಪಾಂಡರಿಗೆ ಹೋಗೋದು ಒಂದು ಕಟ್ಟು ತಂತಿಗಳ ಮೂಲಕ, ಗಿಲ್‌ಹ್ಯಾಮ್ ಕೋಡ್ ಅಂತಾರೆ. ಒಂದೊಂದು ತಂತಿ ಒಂದೊಂದು ಬಿಟ್ಟು, 100 ಅಡಿಗೊಂದು ಮೆಟ್ಟಿಲು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಗ್ರೇ ಕೋಡ್ ನೆನಪಿರಬೇಕು, ಅದೇ ಜಾತಿ. ಒಂದು ತಂತಿ ತುಂಡಾದರೆ ಎಲ್ಲ ಎತ್ತರದಲ್ಲೂ ತಪ್ಪು ಬರಲ್ಲ, ಆ ಬಿಟ್ಟು ಒಂದಾಗಿರಬೇಕಾದ ಎತ್ತರಗಳಲ್ಲಿ ಮಾತ್ರ ಬರುತ್ತೆ. ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಇಲ್ಲಿ ನೆಲದ ಮೇಲೆ ನಿಂತಾಗ ಸರಿಯಾದ ಸಂಖ್ಯೆಯನ್ನೇ ಹೇಳುವ ಪೆಟ್ಟಿಗೆ, ಮೇಲೆ ಹೋದಮೇಲೆ ಸಾವಿರಾರು ಅಡಿ ಸುಳ್ಳು ಹೇಳಬಹುದು. ಹೇಳುವಾಗ ಅದಕ್ಕೆ ತಾನು ಸುಳ್ಳು ಹೇಳ್ತಿದ್ದೀನಿ ಅಂತ ಗೊತ್ತಿರಲ್ಲ, ಪೆಟ್ಟಿಗೆಯ ಪ್ರಕಾರ ಎಲ್ಲ ಸರಿ. ಪತ್ತೆ ಮಾಡಬೇಕಾದರೆ ವಿಮಾನದ ಗಾಳಿಕೊಳವೆಗಳಿಗೆ ಪಂಪ್ ಜೋಡಿಸಿ, ಒತ್ತಡ ಇಳಿಸುತ್ತಾ ನೆಲದ ಮೇಲೇ ವಿಮಾನವನ್ನು "ಏರಿಸಿ", ಒಂದೊಂದು ಎತ್ತರದಲ್ಲೂ ಟ್ರಾನ್ಸ್‌ಪಾಂಡರ್ ಏನು ಹೇಳುತ್ತೆ ಅಂತ ತಾಳೆ ನೋಡಬೇಕು. ಬೇಜಾರಿನ ಕೆಲಸ. ಸಮಯ ಹಿಡಿಯುತ್ತೆ.

ಬೇಜಾರು ಅಂತ ಬಿಟ್ಟರೆ? 1999ರಲ್ಲಿ ಚೀನಾದ ಆಕಾಶದಲ್ಲಿ ಎರಡು 747ಗಳು, ಒಂದು ಸರಕಿನದು, ಒಂದು ಪ್ರಯಾಣಿಕರದು, ಬೇರೆ ಬೇರೆ ಎತ್ತರದಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಸರಕಿನ ವಿಮಾನದ ಎತ್ತರದ ಮಾಹಿತಿ ಕೆಟ್ಟಿತ್ತು. ಅದನ್ನು ನಂಬಿದ ಅದರ ಟಿಕಾಸ್ ಪೈಲಟ್‌ಗೆ "ಮೇಲೇರು" ಅಂದಿತು. ಪೈಲಟ್ ಏರಿಸಿದರು, ಇನ್ನೊಂದು ವಿಮಾನದ ಕಡೆಗೇ. ಡಿಕ್ಕಿ ತಪ್ಪಿಸಲು ಇಟ್ಟ ಯಂತ್ರವೇ ಡಿಕ್ಕಿಯ ದಾರಿ ತೋರಿಸಿತು. ಅದೃಷ್ಟಕ್ಕೆ ತಪ್ಪಿತು. ಅದಾದಮೇಲೆ ಅಮೆರಿಕದ ಎಫ್‌ಎಎ ಈ ಬಗೆಯ ತಂತಿ ಜೋಡಣೆ ಇರುವ ವಿಮಾನಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ ಅಂತ ಆದೇಶ ಹೊರಡಿಸಿತು. ಎಲ್ಲಿ ಪರೀಕ್ಷಿಸಬೇಕು? ನೆಲದ ಮೇಲೆ, ಮನುಷ್ಯರ ಕೈಯಲ್ಲಿ.

ಸುಮ್ಮನಾದ ಪೆಟ್ಟಿಗೆಯ ಕತೆ ಇನ್ನೊಂದಿದೆ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ ಗೋಲ್ ಸಂಸ್ಥೆಯ 737ಗೆ ಒಂದು ಪುಟ್ಟ ಲೆಗಸಿ ಜೆಟ್ ತಾಗಿತು. 737ರಲ್ಲಿದ್ದ 154 ಜನರೂ ಹೋದರು. ಲೆಗಸಿಯ ಟ್ರಾನ್ಸ್‌ಪಾಂಡರ್ ಡಿಕ್ಕಿಗೆ ಬಹಳ ಹೊತ್ತು ಮುಂಚೆಯೇ ಕೆಲಸ ನಿಲ್ಲಿಸಿತ್ತು. ಅದು ನಿಂತರೆ ಬೇರೆಯವರಿಗೆ ನಾವು ಕಾಣಲ್ಲ, ಜೊತೆಗೆ ನಮ್ಮದೇ ಟಿಕಾಸ್ ಕೂಡ ಮಲಗುತ್ತೆ. ಇಲ್ಲಿ ಕೇಬಲ್ಲಿನ ತಪ್ಪಿರಲಿಲ್ಲ, ಪೆಟ್ಟಿಗೆ ಅಚಾತುರ್ಯದಿಂದ ಸ್ಟ್ಯಾಂಡ್‌ಬೈಗೆ ಹೋಗಿತ್ತು ಅನ್ನೋದು ತನಿಖೆಯವರ ಅಭಿಪ್ರಾಯ. ಆದರೂ ಈ ಕತೆ ಹೇಳಿದ್ದು ಯಾಕೆಂದರೆ, ಸ್ಕ್ರೀನಿನ ಮೇಲೆ ಒಂದು ಸಣ್ಣ ಅಕ್ಷರ ಇತ್ತು, ಯಾರೂ ನೋಡಲಿಲ್ಲ. ಅಂಥ ಸಣ್ಣ ಅಕ್ಷರ ವಿನ್ಯಾಸ ಮಾಡೋದು ನಮ್ಮ ಜಾತಿಯವರೇ. (ಚರ್ಖಿ ದಾದ್ರಿಯ ಕಜಕ್ ವಿಮಾನದ ಫ್ಲೈಟ್ ನಂಬರ್ 1907, ಗೋಲ್ ವಿಮಾನದ್ದೂ 1907. ಟಿವಿ ಜ್ಯೋತಿಷಿಗಳಿಗೆ ಹೇಳಬೇಡಿ.)

ಈಗ ನಮ್ಮವರ ಬುದ್ಧಿವಂತಿಕೆಯ ವಾದಕ್ಕೆ ಬರ್ತೀನಿ. "ಫ್ಲೈಟ್‌ರೇಡಾರ್ ಆ್ಯಪಿನಲ್ಲಿ ಎಲ್ಲ ವಿಮಾನಾನೂ ಕಾಣುತ್ತಲ್ಲ ಗುರು, ಕಂಡರೆ ಟ್ರಾನ್ಸ್‌ಪಾಂಡರ್ ಸರಿ ಇದೆ ಅಂತಲೇ ತಾನೇ?" ಟೆರೇಸಿನಲ್ಲಿ ಯುಎಸ್‌ಬಿ ಡಾಂಗಲ್ ಇಟ್ಟು ತಾವೇ 1090 ಕೇಳಿಸಿಕೊಳ್ಳೋ ಉತ್ಸಾಹಿಗಳೂ ಹೀಗೆ ಹೇಳ್ತಾರೆ. ಆ ಉತ್ಸಾಹ ನನಗೂ ಇಷ್ಟ. ಆದರೆ ನೀವು ಕೇಳುತ್ತಿರೋದು ಎಡಿಎಸ್-ಬಿ, ಅಂದರೆ ಯಾರೂ ಕೂಗದೆಯೇ ಪೆಟ್ಟಿಗೆ ತಾನಾಗಿ ಒದರುವ ಮಾತು. ಕೂಗಿದರೆ ಅದಕ್ಕೆ ಕೇಳಿಸುತ್ತಾ ಅನ್ನೋದು ಇದರಲ್ಲಿ ಗೊತ್ತಾಗಲ್ಲ. ಅದರ 1030ರ ಕಿವಿ ಕಿವುಡಾಗಿದ್ದು ಬಾಯಿ ಚೆನ್ನಾಗಿದ್ದರೆ, ನಿಮ್ಮ ಫೋನಿನಲ್ಲಿ ವಿಮಾನ ಹಳದಿ ಬಣ್ಣದಲ್ಲಿ ಅಂದವಾಗಿ ಹಾರುತ್ತಿರುತ್ತೆ, ರೇಡಾರಿಗೂ ಪಕ್ಕದ ವಿಮಾನದ ಟಿಕಾಸಿಗೂ ಸರಿಯಾಗಿ ಉತ್ತರ ಸಿಕ್ಕಿರಲ್ಲ. ಇನ್ನು ಎತ್ತರ ತಪ್ಪಿದ್ದರೆ ಆ್ಯಪ್ ಆ ತಪ್ಪನ್ನೇ ನಿಮಗೆ ಒಪ್ಪಿಸುತ್ತೆ.

ಸಮಯದ ಒತ್ತಡ ತರುವ ಇನ್ನೊಂದು ರೋಗ "ನೋ ಫಾಲ್ಟ್ ಫೌಂಡ್". ಪೈಲಟ್ ಬರೆದಿರ್ತಾರೆ: ಮೇಲೆ ಹೋದಾಗ ಟ್ರಾನ್ಸ್‌ಪಾಂಡರ್ ಆಗಾಗ ಫೇಲ್. ಕೆಳಗೆ ಬಂದಾಗ ಬಟನ್ ಒತ್ತಿದರೆ ಪಾಸ್. ಪೆಟ್ಟಿಗೆ ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿದರೆ ಅಲ್ಲೂ ಪಾಸ್. ಅದೇ ಪೆಟ್ಟಿಗೆ ಇನ್ನೊಂದು ವಿಮಾನಕ್ಕೆ, ಆ ವಿಮಾನದಲ್ಲಿ ಬೇರೆ ಪೆಟ್ಟಿಗೆ, ಎರಡು ದಿನ ಬಿಟ್ಟು ಮತ್ತದೇ ದೂರು. ಮೂವತ್ತೈದು ಸಾವಿರ ಅಡಿಯ ಚಳಿಯಲ್ಲಿ ಕುಗ್ಗಿ ಬಿಟ್ಟುಕೊಳ್ಳುವ ಕನೆಕ್ಟರ್ ದೇವನಹಳ್ಳಿಯ ಬಿಸಿಲಲ್ಲಿ ಯಾಕೆ ಬಿಟ್ಟುಕೊಳ್ಳುತ್ತೆ? ಒಬ್ಬರು ಟೆಸ್ಟ್ ಸೆಟ್ ನೋಡುತ್ತಿರಬೇಕು, ಇನ್ನೊಬ್ಬರು ಪ್ಯಾನೆಲ್ ಬಿಚ್ಚಿ ಕೇಬಲ್ಲನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಹೋಗಬೇಕು. ನಮ್ಮ ಡೇಟಾದಲ್ಲಿ ಇದು ಕಾಣೋದು "ಅನಗತ್ಯ ವಿಳಂಬ" ಅಂತ.

ಟೆಸ್ಟ್ ಮಾಡುವವರೆಲ್ಲ ದೇವರು ಅಂತ ನಾನೇನೂ ಹೇಳುತ್ತಿಲ್ಲ. ಕೆಟ್ಟದಾಗಿ ಮಾಡಿದ ಟೆಸ್ಟು ಮಾಡದಿರೋ ಟೆಸ್ಟಿಗಿಂತ ಅಪಾಯ. ನೆಲದ ಮೇಲಿರುವಾಗ ಮೋಡ್ ಎಸ್ ಪೆಟ್ಟಿಗೆ ಕೆಲವು ಕೂಗುಗಳಿಗೆ ಉತ್ತರಿಸಲ್ಲ, ಅದಕ್ಕೇ ಟೆಸ್ಟಿಗಾಗಿ ಅದನ್ನು "ನೀನೀಗ ಗಾಳಿಯಲ್ಲಿದ್ದೀಯ" ಅಂತ ನಂಬಿಸಬೇಕಾಗುತ್ತೆ. ಜೊತೆಗೆ ಸುಳ್ಳು ಎತ್ತರವನ್ನೂ ಕೊಟ್ಟಿರ್ತಾರೆ. ಆಗ ಆಂಟೆನಾದ ಮೇಲೆ ಕವರ್ ಹಾಕದೆ ಸಿಗ್ನಲ್ ಹೊರಗೆ ಬಿಟ್ಟರೆ, ಮೇಲೆ ಇಳಿಯಲು ಬರುತ್ತಿರುವ ನಿಜವಾದ ವಿಮಾನದ ಟಿಕಾಸಿಗೆ ಎದುರಿಗೊಂದು ದೆವ್ವದ ವಿಮಾನ ಕಾಣಿಸಿ, ಪೈಲಟ್‌ಗೆ ಏರು ಇಳಿ ಅಂತ ಆದೇಶ ಹೋಗಬಹುದು. ಹಾಗಾಗಿಯೇ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದಂಥವರು, ಸಾಧ್ಯವಾದಷ್ಟು ಹ್ಯಾಂಗರಿನೊಳಗೆ ಮಾಡಿ, ಆಂಟೆನಾ ಮುಚ್ಚಿ, ಮಧ್ಯೆ ಬಿಡುವಿನಲ್ಲಿ ಸ್ಟ್ಯಾಂಡ್‌ಬೈಗೆ ಹಾಕಿ, ಹ್ಯಾಂಗರಿನ ಚಾವಣಿ ಆಂಟೆನಾದಿಂದ ಟಿಕಾಸ್ ಅಣಕು ಬೇಡ ಅಂತೆಲ್ಲ ಬುದ್ಧಿ ಹೇಳಿರೋದು. ಆ ಕವರ್ ಹುಡುಕಿ ತಂದು ಹಾಕೋಕೆ ಹತ್ತು ನಿಮಿಷ ಬೇಕು. "ಬೇಗ ಬೇಗ" ಅಂದಾಗ ಮೊದಲು ಹೋಗೋದು ಆ ಹತ್ತು ನಿಮಿಷವೇ. ಹಾಗಾಗಿ ಅಡ್ಡದಾರಿ ಹಿಡಿದ ಟೆಕ್ನಿಷಿಯನ್ನನ್ನು ಬೈಯುವಾಗ ಅವನ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತವರನ್ನೂ ಸೇರಿಸಿ ಬೈಯಿರಿ.

ಗಡಿಯಾರ ಹಿಡಿದವರಲ್ಲಿ ನೀವೂ ಇದ್ದೀರಿ. ಶುಕ್ರವಾರ ಸಂಜೆ "ಟೆಕ್ನಿಕಲ್ ಕಾರಣ"ದಿಂದ ನಲವತ್ತು ನಿಮಿಷ ತಡ ಅಂತ ಘೋಷಣೆ ಆದ ತಕ್ಷಣ ಕೌಂಟರಿನ ಹುಡುಗಿಯ ಮೇಲೆ ಕೂಗಾಡಿ, ಟ್ವಿಟರಿನಲ್ಲಿ ಸಂಸ್ಥೆಯನ್ನು ಟ್ಯಾಗ್ ಮಾಡಿ ಬೈಯೋದು ನಮ್ಮ ವರ್ಗವೇ. ಅದೇ ನಾವು ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ರಿಲೀಸನ್ನು ಎರಡು ದಿನ ಮುಂದೂಡಿ "ಕ್ವಾಲಿಟಿ ಮುಖ್ಯ" ಅಂತ ಮೇಲ್ ಹಾಕ್ತೀವಿ. ನಮ್ಮ ಬಗ್ ಇದ್ದರೆ ಒಂದು ಪೇಜ್ ಲೋಡ್ ಆಗಲ್ಲ, ಅಷ್ಟೆ ತಾನೇ.

ಸಂಬಳದ ಮಾತೂ ಬರಲಿ. 2022ರ ಜುಲೈನಲ್ಲಿ ದೇಶದ ಅತಿ ದೊಡ್ಡ ವಿಮಾನಸಂಸ್ಥೆಯ ಟೆಕ್ನಿಷಿಯನ್ನರು ಕಡಿಮೆ ಸಂಬಳ ಸಾಲದೆಂದು ಗುಂಪಾಗಿ ಸಿಕ್ ಲೀವ್ ಹಾಕಿದ ಸುದ್ದಿ ಎಷ್ಟು ಜನಕ್ಕೆ ನೆನಪಿದೆ? ವಿಮಾನ ತಡವಾದದ್ದು ಮಾತ್ರ ನೆನಪಿರುತ್ತೆ. ಆ ಪೆಟ್ಟಿಗೆಯ ಬಗ್ಗೆ ಡ್ಯಾಶ್‌ಬೋರ್ಡ್ ಮಾಡುವ ಫ್ರೆಶರ್‌ಗೆ ಮೊದಲ ದಿನವೇ ಕೊಡುವ ಸಂಬಳವನ್ನು, ಆ ಪೆಟ್ಟಿಗೆಯ ಕೆಳಗೆ ಮಲಗಿ ಸೀಲೆಂಟ್ ಕೆರೆಯುವವನಿಗೆ ಹತ್ತು ವರ್ಷ ಆದಮೇಲೂ ಕೊಡಲ್ಲ ಅಂದರೆ, ಆ ಕೆಲಸಕ್ಕೆ ಬರುವ ಚುರುಕು ಹುಡುಗರು ಯಾಕೆ ಉಳೀತಾರೆ? ನಮ್ಮೂರಿಂದ ಐಟಿಐ ಓದಿ ಬಂದು ಹ್ಯಾಂಗರ್ ಸೇರಿದ್ದ ಒಬ್ಬ ಈಗ ಫುಡ್ ಡೆಲಿವರಿ ಮಾಡ್ತಾನೆ. ಅದರಲ್ಲೇ ಜಾಸ್ತಿ ಸಿಗುತ್ತಂತೆ. ತಲೆಯಲ್ಲಿ ಕೋಯಾಕ್ಸ್ ಕೇಬಲ್ಲಿನ ಬಗ್ಗೆ ಮೂರು ವರ್ಷದ ಅನುಭವ ಇಟ್ಟುಕೊಂಡು ಬಿರಿಯಾನಿ ಹೊರ್ತಿದ್ದಾನೆ.

ನಾನು ಕೇಳ್ತಿರೋದು ಭಾರೀ ಕ್ರಾಂತಿಯೇನಲ್ಲ. ಸಾಫ್ಟ್‌ವೇರ್ ಬೇಡ ಅನ್ನುತ್ತಿಲ್ಲ. ಸಾವಿರ ವಿಮಾನಗಳ ದೂರುಗಳನ್ನು ಒಟ್ಟು ಹಾಕಿ "ಈ ಕನೆಕ್ಟರ್ ಮಳೆಗಾಲದಲ್ಲಿ ಕೈಕೊಡುತ್ತೆ ನೋಡಿ" ಅಂತ ಹೇಳೋದು ಅದಕ್ಕೇ ಸಾಧ್ಯ, ಅದನ್ನು ಮಾಡೋಣ. ಆದರೆ ಸೆಲ್ಫ್ ಟೆಸ್ಟ್ ಪಾಸ್ ಆದರೆ ನಮ್ಮ ಪರದೆಯ ಮೇಲೆ "ಸಿಸ್ಟಮ್ ಹೆಲ್ದಿ" ಅಂತ ಬರುತ್ತೆ. ಅದರ ಬದಲು "ಪೆಟ್ಟಿಗೆಯೊಳಗೆ ದೋಷ ಕಂಡಿಲ್ಲ, ಆಂಟೆನಾ, ಕೇಬಲ್, ಎತ್ತರ ಪರೀಕ್ಷಿಸಿಲ್ಲ" ಅಂತ ಬರಲಿ. ಬಣ್ಣವೂ ಹಸಿರು ಬೇಡ, ಬೂದು ಸಾಕು. ಒಂದು ಸಾಲಿನ ಬದಲಾವಣೆ. ಇದಕ್ಕೆ ಟಿಕೆಟ್ ಹಾಕಿ ಏಳು ತಿಂಗಳಾಯಿತು. ಪ್ರಯಾರಿಟಿ ಲೋ ಅಂತ ಇದೆ. ಮೊನ್ನೆ ಅದರ ಕೆಳಗೆ ಯಾರೋ ಪ್ರಾಡಕ್ಟ್‌ನವರು ಬರೆದಿದ್ದಾರೆ: ಬೂದು ಬಣ್ಣ ನೋಡಿದರೆ ಕಸ್ಟಮರ್‌ಗೆ ಕಾನ್ಫಿಡೆನ್ಸ್ ಬರಲ್ಲ.